ಮೂವತ್ತೇಳರ ಒಡಹುಟ್ಟು

ಹೆಸರು ಒಬಿಯೆರೊ. ಕಸುಬು, ಪುಸ್ತಕ ಕಟ್ಟುವುದು.
ಊರು ಕಿಸುಮು, ರೈಲು ಹಳಿಯ ಆಚೆ.
ಮೀನು ಹುರಿಯುವ ಹೊಗೆ ಕಾಗದಕ್ಕೆ ಹತ್ತದ ಹಾಗೆ
ಕಿಟಕಿ ಮುಚ್ಚಿಕೊಂಡೇ ಮೂವತ್ತೊಂದು ವರ್ಷ, ಸ್ವಾಮಿ.

ಈವರೆಗೆ ಯಾವ ಕೋರ್ಟೂ ನನ್ನನ್ನು ಕರೆದಿಲ್ಲ.
ಹೊಲಿದ ದಾರ ಯಾರ ಕಣ್ಣಿಗೂ ಬೀಳಬಾರದು,
ಬಿದ್ದರೆ ಕೆಲಸ ಕೆಟ್ಟಿದೆ ಎಂದರ್ಥ.

ಠಾಣೆಯ ಪರ ವಕೀಲರು ಹೇಳಿದ್ದು ಕೇಳಿಸಿತು:
ಆ ರಾತ್ರಿ ಏನೂ ನಡೆದಿಲ್ಲ.
ದಿನವಹಿಯ ಮೂವತ್ತೇಳನೆಯ ಹಾಳೆ ಹರಿದದ್ದಲ್ಲ, ಇರಲೇ ಇಲ್ಲ.
ಕಟ್ಟಿದವನು ಮುದುಕ, ಕಣ್ಣು ಮಂಜು,
ಪಾಪ, ಎಣಿಕೆ ತಪ್ಪಿದ್ದಾನೆ.

ಕಣ್ಣು ಮಂಜು, ನಿಜ.
ಬೆರಳಿಗಿನ್ನೂ ಮಂಜು ಕವಿದಿಲ್ಲ.
ಆ ದಿನವಹಿಯನ್ನು ಒಮ್ಮೆ ಇತ್ತ ಕೊಡಿ.

ನೋಡಿ. ಹಾಳೆ ಒಂಟಿಯಾಗಿ ಹುಟ್ಟುವುದಿಲ್ಲ.
ದೊಡ್ಡ ಕಾಗದವನ್ನು ನಡುವೆ ಮಡಿಸಿದರೆ ಎರಡು,
ಅಂಥ ಎಂಟು ಒಂದರೊಳಗೊಂದು ಕೂತರೆ ಒಂದು ಕಂತೆ,
ಮಡಿಕೆಯ ಬೆನ್ನಿಗೆ ಸೂಜಿ.
ಮೊದಲನೆಯದರ ಒಡಹುಟ್ಟು ಹದಿನಾರನೆಯದು,
ಐದನೆಯದರದ್ದು ಹನ್ನೆರಡು.
ಇದು ಮೂರನೆಯ ಕಂತೆ. ಲೆಕ್ಕ ಹಾಕಿ,
ನಾನು ಕಾಯುತ್ತೇನೆ.

ಹೌದು. ಮೂವತ್ತೇಳರ ಒಡಹುಟ್ಟು ನಲವತ್ತನಾಲ್ಕು.
ಅದು ಇರಲೇ ಇಲ್ಲವಾಗಿದ್ದರೆ ಇದೂ ಇರುತ್ತಿರಲಿಲ್ಲ.
ಇದು ಇದೆ.
ದಾರದ ಹಿಡಿತ ತಪ್ಪಿ, ಬುಡಕ್ಕೆ ಗೋಂದು ಮೆತ್ತಿಸಿಕೊಂಡು
ಇದೆ.
ಈ ಗೋಂದು ನನ್ನದಲ್ಲ. ನನ್ನದು ಮರಗೆಣಸಿನ ಗಂಜಿ,
ಮೈಲುತುತ್ತ ಹಾಕಿ ಕಾಯಿಸಿದ್ದು, ಹುಳ ಮುಟ್ಟುವುದಿಲ್ಲ.
ಇದು ಕಚೇರಿಯ ಡಬ್ಬಿಯದ್ದು. ಮೂಸಿ ನೋಡಿ.

ಕಟ್ಟುವುದು ನನ್ನ ಕೆಲಸ, ಸ್ವಾಮಿ.
ಕಟ್ಟುಕತೆ ನನ್ನದಲ್ಲ.

ನಲವತ್ತನಾಲ್ಕರಲ್ಲಿ ಏನಿದೆ, ಓದು ಎಂದರು.
ಕನ್ನಡಕ ಏರಿಸಿ ಓದಿದೆ:
ಕಳೆದುಹೋದ ಮೇಕೆ, ಕಂದು, ಒಂದು ಕಿವಿ ಸೀಳು.
ರೇಡಿಯೋ ವಿಚಾರಕ್ಕೆ ಅಣ್ಣತಮ್ಮಂದಿರ ಜಗಳ, ರಾಜಿ.
ಒಬ್ಬ ಹೆಂಗಸು ಬೇಯಿಸಿದ ಗೆಣಸು ತಂದಿದ್ದಳು,
ಯಾರಿಗೆಂದು ತಿಳಿಯಲಿಲ್ಲ, ವಾಪಸು ಕಳಿಸಿದೆ.

ಅಕ್ಷರ ದುಂಡಗಿತ್ತು, ಶಾಲೆಯ ಹುಡುಗಿಯದರಂತೆ.
ಹಿಂದಿನ ಬೆಂಚಿನಲ್ಲಿ ಕಾನ್‌ಸ್ಟೇಬಲ್ ಚೆಪ್ಟೂ
ಟೋಪಿಯನ್ನು ಮಡಿಲಲ್ಲಿಟ್ಟು
ಅದರೊಳಗೆ ಏನೋ ಬಿದ್ದಿದೆಯೆಂಬಂತೆ ನೋಡುತ್ತಿದ್ದಳು.
ಆ ಸಾಲನ್ನು ಬರೆಯದೆ ಬಿಡಬಹುದಿತ್ತು.
ಬರೆದಿದ್ದಾಳೆ.
ಹಾಳೆ ಸಡಿಲವಾದಾಗ ಒಲೆಗೆ ಹಾಕಬಹುದಿತ್ತು.
ಅಂಟಿಸಿದ್ದಾಳೆ. ಅವಳೇ ಇರಬೇಕು. ನನಗೆ ಗೊತ್ತಿಲ್ಲ,
ನನಗೆ ಗೊತ್ತಿರುವುದು ಕಾಗದ ಮಾತ್ರ.

ಇನ್ಸ್‌ಪೆಕ್ಟರ್ ಸಾಹೇಬರು ಗಡಿಯಾರ ನೋಡಿಕೊಂಡರು.
ಅವರಿಗೀಗ ಬೇರೆ ಊರು, ಸಮುದ್ರದ ಗಾಳಿ ಬರುವ ಬಂಗಲೆ.
ವಿಚಾರಣೆ ಮುಂದಿನ ತಿಂಗಳಿಗೆ ಹೋಯಿತು,
ಅಲ್ಲಿಂದ ಅದರ ಮುಂದಿನ ತಿಂಗಳಿಗೆ.
ಠಾಣೆಗಳ ನಲವತ್ತು ದಿನವಹಿಗಳ ಆರ್ಡರು
ಈ ವರ್ಷ ನೈರೋಬಿಯ ಯಾರಿಗೋ ಹೋಯಿತು.
ಹೋಗಲಿ.

ಒಂದು ಸಂಜೆ ಅಪೊಂಡಿ ಅಂಗಡಿಗೆ ಬಂದಳು.
ಕೈಗೆ ಮೀನಿನ ವಾಸನೆ ಇದೆಯೆಂದು
ಹೊಸ್ತಿಲಾಚೆಯೇ ನಿಂತಳು.
ಮಗ ಒಯಾರೊ ಬಾಡಿಗೆ ಬೈಕು ಓಡಿಸುತ್ತಿದ್ದವನು,
ಇನ್ನೂರು ಶಿಲ್ಲಿಂಗು ಕೇಳಿದಾಗ ಯಾಕೆ ಎಂದವನು.
ಅದನ್ನೇನೂ ಹೇಳಲಿಲ್ಲ ಅವಳು. ಕೇಳಿದ್ದು ಇಷ್ಟು:
ಒಂದು ಹಾಳೆಗೆ ಎಷ್ಟು ಗೆರೆ?

ಮೂವತ್ತೆರಡು, ಅಂದೆ.

ಬೆರಳು ಮಡಚಿದಳು.
ಹೆಸರು ಕೇಳಿದರೆ ಅಪ್ಪನದು, ಅಜ್ಜನದು,
ಅಜ್ಜನ ಅಪ್ಪನದ್ದೂ ಸೇರಿಸಿ ಹೇಳುತ್ತಿದ್ದ, ಚಿಕ್ಕಂದಿನಿಂದಲೂ.
ಅದಕ್ಕೊಂದು ಗೆರೆ. ಬೈಕಿನ ನಂಬರಿಗೊಂದು, ಇರಲಿ.
ಎರಡಾಯಿತು.

ಉಳಿದ ಮೂವತ್ತು ಗೆರೆಯಲ್ಲಿ
ಏನಿತ್ತು, ಒಬಿಯೆರೊ,
ಹರಿಯಲೇಬೇಕಾಗುವಷ್ಟು?